ಎಡಹುಬ್ಬಿನ ಮೇಲಿನ ಕಲೆ

ನೀವು ಮಾಡಿದ ಪ್ರಿಂಟುಗಳಲ್ಲಿ ಎಲ್ಲಕ್ಕಿಂತ ಚೆಂದದ್ದು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಮಾತು ತಿರುಗಿಸುತ್ತೇನೆ. ಅದು ತಪ್ಪು ಪ್ರಿಂಟು. ತಪ್ಪೆಂದು ಗೊತ್ತಾದ ಮೇಲೂ ನಾಲ್ಕು ತಿಂಗಳು ನಾನು ಬಾಯಿ ಬಿಡಲಿಲ್ಲ. ಆ ನಾಲ್ಕು ತಿಂಗಳಲ್ಲಿ ಒಬ್ಬ ಮುದುಕಿ ತನ್ನ ನೆನಪನ್ನೇ ನಂಬದಂತಾದಳು. ಇದನ್ನು ಬರೆಯಲು ಕುಳಿತಾಗಲೂ ಮೊದಲ ಎರಡು ಪುಟ ನನಗೆ ಅನುಕೂಲವಾಗುವಂತೆಯೇ ಬಂದವು. ಹರಿದು ಹಾಕಿ ಮತ್ತೆ ಬರೆಯುತ್ತಿದ್ದೇನೆ.

ನಾನು ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಮಾಸ್ತರ. ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯಲ್ಲೂ ಶಾಲೆಯಲ್ಲೂ ಹೇಳುತ್ತಾರೆ, ಸುಳ್ಳಲ್ಲ. ಮೊಬೈಲ್ ಫೋಟೋಗಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಮದುವೆಯ ಫೋಟೋದಲ್ಲಿ ಮದುಮಗಳ ಮುಖವನ್ನು ಸುಣ್ಣ ಬಳಿದ ಗೋಡೆಯ ಹಾಗೆ ಮಾಡಿ ಕಳಿಸಿದ್ದನ್ನು ನೋಡಿ, ಇದು ಫೋಟೋ ಅಲ್ಲ, ಮೋಸ ಎಂದು ಸ್ಟಾಫ್ ರೂಮಿನಲ್ಲಿ ಅರ್ಧ ಗಂಟೆ ಭಾಷಣ ಮಾಡಿದವನು ನಾನು. ಪಕ್ಕದಲ್ಲಿದ್ದ ಗಣಿತದ ಮಾಸ್ತರರು ಚಹಾ ಆರಿತು, ಕುಡೀರಿ ಎಂದಷ್ಟೇ ಅಂದರು.

ಈ ಹುಚ್ಚಿನಲ್ಲೇ, ನಿಪ್ಪಾಣಿಯಲ್ಲಿ ಒಂದು ಹಳೆಯ ಸ್ಟುಡಿಯೋ ಮುಚ್ಚಿದಾಗ ಅದರ ಎನ್ಲಾರ್ಜರ್ ಕೊಂಡುಕೊಂಡು ಬಂದೆ. ಫಿಲ್ಮಿನ ಮೂಲಕ ಬೆಳಕು ಹಾಯಿಸಿ, ಕೆಳಗಿಟ್ಟ ಕಾಗದದ ಮೇಲೆ ಚಿತ್ರವನ್ನು ದೊಡ್ಡದಾಗಿ ಬೀಳಿಸುವ ಯಂತ್ರ ಅದು. ಸ್ಟುಡಿಯೋದ ಯಜಮಾನರಿಗೆ ಎಪ್ಪತ್ತು ದಾಟಿತ್ತು. ಯಂತ್ರದ ಜೊತೆಗೆ ಒಂದು ಟ್ರಂಕಿನ ತುಂಬ ಹಳೆಯ ನೆಗೆಟಿವ್‌ಗಳನ್ನೂ ಕೊಟ್ಟರು. ಒಂದೊಂದೂ ಕಾಗದದ ಲಕೋಟೆಯೊಳಗೆ, ಮೇಲೆ ನಂಬರು. ಯಾರಾದರೂ ಹುಡುಕಿಕೊಂಡು ಬಂದರೆ ಕೊಡ್ರಿ, ಬರದಿದ್ದರೆ ಇರಲಿ ಎಂದರು.

ನಮ್ಮ ಮನೆಯ ಬಚ್ಚಲುಮನೆಯೇ ಡಾರ್ಕ್‌ರೂಮ್ ಆಯಿತು. ರವಿವಾರ ಮಧ್ಯಾಹ್ನ ಹನ್ನೆರಡರೊಳಗೆ ಎಲ್ಲರ ಸ್ನಾನ ಮುಗಿಯಬೇಕೆಂದು ಕಾಯಿದೆ ಮಾಡಿದೆ. ಕಿಟಕಿಗೆ ಗೋಣಿಚೀಲ, ಅದರ ಮೇಲೆ ಎರಡು ಚಾದರ. ಆದರೂ ಎಲ್ಲೋ ಒಂದು ಕಡೆಯಿಂದ ಬೆಳಕು ತೂರಿಬರುತ್ತಿತ್ತು. ಕೆಂಪು ಬಲ್ಬಿನ ಕೆಳಗೆ ಮೂರು ಪ್ಲಾಸ್ಟಿಕ್ ಟ್ರೇ: ಚಿತ್ರ ಮೂಡಿಸುವ ಡೆವಲಪರ್, ಅದನ್ನು ತಡೆಯುವ ಹುಳಿನೀರು, ಚಿತ್ರವನ್ನು ಗಟ್ಟಿ ಮಾಡುವ ಹೈಪೋ. ಆ ಹೈಪೋದ ವಾಸನೆ ಎಷ್ಟು ತೊಳೆದರೂ ಕೈಯಿಂದ ಹೋಗುವುದಿಲ್ಲ. ರೊಟ್ಟಿ ಮುರಿಯುವಾಗ ಹೆಂಡತಿ ಮೂಗು ಮುಚ್ಚಿಕೊಳ್ಳುತ್ತಿದ್ದಳು.

ಕೆಲಸ ಕಲಿಯಲು ಹಲವು ರವಿವಾರ ನಿಪ್ಪಾಣಿಗೆ ಹೋದೆ. ಆ ಹಿರಿಯರು ಹೇಳಿಕೊಟ್ಟದ್ದರಲ್ಲಿ ಒಂದು ವಿದ್ಯೆ ಹೀಗಿತ್ತು. ಫಿಲ್ಮಿಗೆ ಎರಡು ಮೈ. ಒಂದರ ಮೇಲೆ ಮದ್ದು ಬಳಿದಿರುತ್ತದೆ, ಚಿತ್ರ ಇರುವುದು ಅದರಲ್ಲಿ. ಇನ್ನೊಂದು ಬರೀ ನುಣುಪು. ಮದ್ದಿನ ಮೈಯನ್ನು ಕೆಳಗೆ ಮಾಡಿ ಯಂತ್ರದಲ್ಲಿಡಬೇಕು. ತಿರುವಿ ಇಟ್ಟರೆ ಕನ್ನಡಿಯೊಳಗಿನ ಹಾಗೆ ಎಡ ಬಲವಾಗಿ, ಬಲ ಎಡವಾಗಿ ಬರುತ್ತದೆ. ಯಾವ ಮೈ ಯಾವುದು ಎಂದು ತಿಳಿಯದಿದ್ದರೆ ಫಿಲ್ಮಿನ ಅಂಚನ್ನು ಒದ್ದೆ ತುಟಿಗೆ ತಾಗಿಸಬೇಕು. ಮದ್ದಿನ ಮೈ ತುಟಿಗೆ ಅಂಟುತ್ತದೆ.

“ಕಣ್ಣ ಮೋಸಾ ಮಾಡತೈತಿ ಸರ. ತುಟಿ ಮಾಡಂಗಿಲ್ಲ. ಬಘಾ, ಹಿಂಗ ಅಂಚ ಹಚ್ಚಿ ನೋಡ್ರಿ,” ಎಂದು ತಾವೇ ತೋರಿಸಿದರು.

ಯಾರ್‍ಯಾರದೋ ನೆಗೆಟಿವ್ ತುಟಿಗೆ ಹಚ್ಚುವುದು ನನಗೆ ಅಸಹ್ಯವೆನಿಸಿತು. ಅವರೆದುರು ಮಾಡಿದೆ. ಊರಿಗೆ ಬರುವ ಬಸ್ಸಿನಲ್ಲಿ ಇಡೀ ದಾರಿ ಕರ್ಚೀಫಿನಿಂದ ಬಾಯಿ ಒರೆಸಿಕೊಂಡೆ.

ದೂಧಗಂಗಾ ಉಕ್ಕಿ ಹರಿದ ಮಳೆಗಾಲ ಮುಗಿದ ಮೇಲೆ ಒಬ್ಬ ಹೆಣ್ಣುಮಗಳು ನಮ್ಮ ಮನೆ ಹುಡುಕಿಕೊಂಡು ಬಂದಳು. ವಯಸ್ಸು ನಲವತ್ತರ ಆಸುಪಾಸು. ಸದಲಗಾ ಹತ್ತಿರದ ಹಳ್ಳಿಯವಳು. ಎರಡು ಎಮ್ಮೆ, ಇಪ್ಪತ್ತರಷ್ಟು ಕುರಿ, ತುಸು ಹೊಲ. ನೀರು ಮನೆಯೊಳಗೆ ಬಂದು ಹೋದ ಮೇಲೆ ಟ್ರಂಕು ಬಿಚ್ಚಿ ಬಟ್ಟೆ ಒಣಗಿಸುವಾಗ, ಒಂದು ಹಳೆಯ ಎಲೆಸಂಚಿಯಲ್ಲಿ ಮಡಚಿಟ್ಟ ಚೀಟಿ ಸಿಕ್ಕಿತ್ತು. ನಿಪ್ಪಾಣಿಯ ಆ ಸ್ಟುಡಿಯೋದ ಚೀಟಿ; ಅಲ್ಲಿಯ ಯಜಮಾನರೇ ನನ್ನ ವಿಳಾಸ ಕೊಟ್ಟು ಕಳಿಸಿದ್ದರು. ಸಂಚಿ ಅವಳ ತಾಯಿಯದು. ನಿಪ್ಪಾಣಿ ಸಂತೆಗೆ ಹೋದಾಗ ತಾಯಿ ಒಂದು ಫೋಟೋ ತೆಗೆಸಿದ್ದಳಂತೆ. ಅದನ್ನು ತರುವ ಮೊದಲೇ ಜ್ವರ ಬಂದು ತೀರಿಕೊಂಡಳು. ತಾಯಿಯ ಅಕ್ಕ, ಅಂದರೆ ಈ ಹೆಣ್ಣುಮಗಳನ್ನು ಸಾಕಿದ ದೊಡ್ಡವ್ವ, ಓದು ಬಾರದವಳು. ಚೀಟಿ ಏನೆಂದು ಗೊತ್ತಿಲ್ಲದೆ ತಂಗಿಯ ಸಂಚಿಯೊಳಗಿತ್ತೆಂಬ ಒಂದೇ ಕಾರಣಕ್ಕೆ ಇಟ್ಟುಕೊಂಡಿದ್ದಳು.

“ಸರ, ನಾ ನಮ್ಮವ್ವನ ಮಾರೀನ ನೋಡಿಲ್ರಿ,” ಎಂದಳು ಆಕೆ. “ಮೂರ ವರ್ಷದಾಕಿ ಇದ್ನಂತ. ಒಂದೂ ಫೋಟೋ ಇಲ್ಲ. ದೊಡ್ಡವ್ವ ಹೇಳಿದ್ದಷ್ಟ ನನಗ ಗೊತ್ತು. ಮೂಗು ನಿನ್ನ ಹಂಗ ಇತ್ತು, ನಕ್ಕರ ಹಿಂಗ ನಗತಿದ್ಲು ಅಂತಾಳ. ಉಳಿದದ್ದು ನಾನ ಕಟಗೊಂಡೇನಿ.”

ಚೀಟಿಯ ನಂಬರು ಹಿಡಿದು ಟ್ರಂಕಿನಲ್ಲಿ ಹುಡುಕಿದೆ. ಸಿಕ್ಕಿತು! ಅವಳಿಗಿಂತ ಹೆಚ್ಚು ಕುಣಿದವನು ನಾನೇ. ಕರಿಮುಖ, ಬಿಳಿಕೂದಲಿನ ನೆಗೆಟಿವ್ ಅನ್ನು ಕಿಟಕಿಗೆ ಹಿಡಿದು ತೋರಿಸಿದೆ. ಅವಳಿಗೆ ಅದರಲ್ಲಿ ಏನೂ ತಿಳಿಯಲಿಲ್ಲ, ಆದರೂ ಕೈ ಮುಗಿದಳು. ಇನ್ನು ಎರಡು ವಾರದಲ್ಲಿ ನಾನೇ ನಿಮ್ಮ ಮನೆಗೆ ತಂದು ಗೋಡೆಗೆ ಹಾಕಿಕೊಡುತ್ತೇನೆ ಎಂದು ದೊಡ್ಡಸ್ತಿಕೆಯಿಂದ ಹೇಳಿ ಕಳಿಸಿದೆ. ಹೋಗುವಾಗ ಬಚ್ಚಲುಮನೆಯ ಕಿಟಕಿಯ ಚಾದರಗಳನ್ನು ನೋಡಿ, ಇದೇನ್ರೀ ಸರ ಎಂದು ನಕ್ಕಳು. ಬೆಳಕಿನ ಕಾಟ ಹೇಳಿಕೊಂಡೆ.

ಆ ರವಿವಾರದ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ನೆಗೆಟಿವ್‌ನ ಎರಡೂ ಮೈ ಮಬ್ಬಾಗಿದ್ದವು. ಹಿಂದಿನ ಕಾಲದ ಸ್ಟುಡಿಯೋದವರು ಮುಖವನ್ನು ಪೆನ್ಸಿಲಿನಿಂದ ತಿದ್ದುತ್ತಿದ್ದರು. ಪೆನ್ಸಿಲು ಹಿಡಿಯಲೆಂದು ಎರಡೂ ಕಡೆ ವಾರ್ನಿಶ್ ಬಳಿದಿದ್ದರು. ಅಂಚನ್ನು ತುಟಿಗೆ ತಾಗಿಸಿದೆ. ಒಂದು ಮೈ ಅಂಟಿತು. ಅದನ್ನೇ ಕೆಳಗೆ ಮಾಡಿ ಯಂತ್ರದಲ್ಲಿಟ್ಟು, ಪರೀಕ್ಷೆಗೆಂದು ಒಂದು ಸಣ್ಣ ಕಾಗದದ ಮೇಲೆ ಬೆಳಕು ಬಿಟ್ಟು, ಡೆವಲಪರಿಗೆ ಹಾಕಿದೆ.

ಕಾಗದದ ಮೇಲೆ ಮೊದಲು ಕೂದಲು ಬಂತು, ಆಮೇಲೆ ಕಣ್ಣು, ಆಮೇಲೆ ಸೀರೆಯ ಅಂಚು. ಇಪ್ಪತ್ತೈದರ ಒಬ್ಬ ಹೆಣ್ಣುಮಗಳು ನನ್ನನ್ನು ನೋಡುತ್ತಿದ್ದಳು. ಎಡಹುಬ್ಬಿನ ಮೇಲೆ ಒಂದು ಸಣ್ಣ ಹಳೆಯ ಗಾಯದ ಗುರುತು. ಸೆರಗು ಬಲಭುಜದ ಮೇಲೆ.

ಅಲ್ಲಿಗೆ ನಾನು ನಿಂತೆ. ಸೆರಗು ಬಲಭುಜದ ಮೇಲೆ ಹೇಗೆ ಬರುತ್ತದೆ? ನನ್ನ ಹೆಂಡತಿ, ನನ್ನ ಅಕ್ಕತಂಗಿಯರು, ಶಾಲೆಯ ಟೀಚರುಗಳು, ಬಸ್ಸಿನಲ್ಲಿ ನೋಡುವ ಎಲ್ಲ ಹೆಂಗಸರು ಸೆರಗು ಹಾಕುವುದು ಎಡಕ್ಕೆ. ಫಿಲ್ಮು ತಿರುವುಮುರುವಾಗಿದೆ ಎಂದು ತೀರ್ಮಾನ ಮಾಡಿದೆ. ತುಟಿ ಸರಿಯಾಗಿ ಹೇಳಿತ್ತು, ಅಂಚಿನಲ್ಲಿ ವಾರ್ನಿಶ್ ಇರಲಿಲ್ಲ. ಆದರೆ ಸ್ಟುಡಿಯೋದ ಆ ಮುದುಕರು ಎರಡೂ ಕಡೆ ಬಳಿದು ಗೊಂದಲ ಮಾಡಿಟ್ಟಿದ್ದಾರೆ, ತುಟಿಯ ವಿದ್ಯೆ ಎಲ್ಲ ಹಳೆಯ ಕಾಲದ್ದು ಎಂದು ಅವರನ್ನೇ ಬೈದುಕೊಂಡೆ. ಫಿಲ್ಮನ್ನು ತಿರುವಿ ಹಾಕಿದೆ. ಮೊದಲಿನ ಸಣ್ಣ ಕಾಗದವನ್ನು ಬಕೆಟ್ಟಿಗೆ ಎಸೆದೆ.

ನಾನು ಮರೆತದ್ದು ಇಷ್ಟು: ನಮ್ಮ ಭಾಗದಲ್ಲಿ ಎಷ್ಟೋ ಮನೆತನಗಳ ಹಳೆಯ ಹೆಣ್ಣುಮಕ್ಕಳು ಸೆರಗು ಹೊರುತ್ತಿದ್ದುದು ಬಲಕ್ಕೆ. ಕುರಿ ಕಾಯುವವರಲ್ಲಿ ಅದೇ ರೂಢಿ. ನಾನೇನು ಬೇರೆ ದೇಶದವನಲ್ಲ. ರಾಯಬಾಗ ಕಡೆಯ ಹಳ್ಳಿಯಲ್ಲಿ ನನ್ನನ್ನು ಎತ್ತಿ ಆಡಿಸಿದ ನನ್ನ ಅಜ್ಜಿಯ ಸೆರಗೂ ಬಲಕ್ಕೇ ಇರುತ್ತಿತ್ತು. ಆ ಭುಜದ ಮೇಲೆ ತಲೆಯಿಟ್ಟು ಅದರ ತುದಿ ಬಾಯಲ್ಲಿ ಕಚ್ಚಿಕೊಂಡು ಮಲಗುತ್ತಿದ್ದೆನಂತೆ. ನಾಲ್ಕು ಅಕ್ಷರ ಕಲಿತು, ಪೇಟೆ ಸೇರಿ, ಪೇಟೆಯ ಸೆರಗೇ ಸೆರಗು ಎಂದು ತಿಳಿದುಕೊಂಡೆ. ಎಡಬಲದ ತಪ್ಪು ಯಾರಿಗಾದರೂ ಆಗಬಹುದು. ಅಜ್ಜಿಯ ಸೆರಗು ಮರೆತದ್ದಕ್ಕೆ ಮಾತ್ರ ಇವತ್ತಿಗೂ ನಾಚಿಕೆಯಾಗುತ್ತದೆ.

ತಿರುವಿ ಹಾಕಿದ ಫಿಲ್ಮಿನಿಂದ ದೊಡ್ಡ ಪ್ರಿಂಟು ತೆಗೆದೆ. ತಂತಿಗೆ ಕಟ್ಟಿದ ರಟ್ಟಿನ ಚೂರಿನಿಂದ ಮುಖಕ್ಕೆ ನೆರಳು ಹಿಡಿದು, ಮೂಲೆಗಳಿಗೆ ಹೆಚ್ಚು ಬೆಳಕು ಕೊಟ್ಟು, ಏಳು ಕಾಗದ ಹಾಳು ಮಾಡಿ, ಎಂಟನೆಯದರಲ್ಲಿ ಮನಸ್ಸಿಗೆ ಬಂದದ್ದು ಸಿಕ್ಕಿತು. ಕಪ್ಪು ಎಂದರೆ ಕಾಡಿಗೆಯ ಕಪ್ಪು. ಗಾಜಿನ ಮೇಲೆ ಒಣಗಲು ಹಾಕಿ ಹೆಂಡತಿಯನ್ನು ಕರೆದು ತೋರಿಸಿದೆ. “ಎಷ್ಟ ಲಕ್ಷಣ ಅದಾಳಲ್ರೀ,” ಎಂದಳು. ಹೈಪೋ ವಾಸನೆಗೆ ಅವತ್ತು ಬೈಯಲಿಲ್ಲ.

ಮುಂದಿನ ವಾರ ಫ್ರೇಮು ಹಾಕಿಸಿ, ಮೋಟರ್‌ಸೈಕಲ್ಲಿನ ಮೇಲೆ ಹೆಂಡತಿಯ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಹೋದೆ. ಗೋಡೆಯ ಮೇಲೆ ಎದೆಮಟ್ಟ ಪ್ರವಾಹದ ನೀರಿನ ಗೆರೆ ಇನ್ನೂ ಇತ್ತು. ಅದರ ಮೇಲೆ ಮೊಳೆ ಹೊಡೆದು ಇಟ್ಟಿದ್ದರು. ಆ ಹೆಣ್ಣುಮಗಳು ಸುತ್ತಿದ್ದ ಸೀರೆ ಬಿಚ್ಚಿ ಫೋಟೋ ನೋಡಿದಳು. ಫ್ರೇಮನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದಳು, ಸ್ವಲ್ಪ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಬಂದಳು. ಅವಳ ಗಂಡ ಫೋಟೋವನ್ನು ಮೊಳೆಗೆ ಹಾಕಿ, ಊದಿನಕಡ್ಡಿ ಹಚ್ಚಿದ.

ಆಗ ದೊಡ್ಡವ್ವ ಹಿತ್ತಿಲ ದೊಡ್ಡಿಯಿಂದ ಬಂದಳು. ತೆಳ್ಳನೆಯ, ನೆಟ್ಟಗಿನ ಮುದುಕಿ. ಕುರಿಯ ಮರಿಗಳಿಗೆ ನೀರು ಕುಡಿಸಿ ಬಂದಿದ್ದಳು, ಕೈ ಒದ್ದೆ. ಫೋಟೋದ ಮುಂದೆ ನಿಂತು ಬಹಳ ಹೊತ್ತು ನೋಡಿದಳು.

“ನಮ್ಮ ತಂಗೀನ,” ಎಂದಳು. ಆಮೇಲೆ, “ಆದ್ರ ಏನೋ ಬ್ಯಾರೇನ ಕಾಣತಾಳಲ್ಲ,” ಎಂದಳು. ತನ್ನ ಎಡಹುಬ್ಬಿನ ಮೇಲೆ ಬೆರಳಿಟ್ಟುಕೊಂಡಳು. “ಗಾಯದ ಕಲಿ ಇಲ್ಲಿತ್ತು. ಈ ಕಡಿ. ಇದರಾಗ ಆ ಕಡಿ ಐತಿ.”

“ಅದೆಂಗ ದೊಡ್ಡವ್ವಾ?” ಎಂದಳು ಸಾಕುಮಗಳು.

“ನಾನ ಹೊಡದಾಕಿ, ನನಗ ಗೊತ್ತಿರಂಗಿಲ್ಲೇನು? ಕುರಿ ತಿರುಗಿಸಾಕಂತ ಕಲ್ಲ ಒಗದ್ನಿ, ಎದುರಿಗೆ ಆಕಿ ಬಂದ್ಲು. ಎಡಹುಬ್ಬ ಒಡದು ರಗತ ಕಣ್ಣಾಗ ಇಳೀತು. ಈ ನನ್ನ ಸೆರಗಿನಿಂದ ಒತ್ತಿ ಹಿಡದಿದ್ನಿ. ಅವತ್ತಿನಿಂದ ನಾ ಕುರಿಗಿ ಕಲ್ಲ ಒಗದಿಲ್ಲ.”

ಅವಳು ಸೆರಗು ಹಿಡಿದು ತೋರಿಸಿದಳು. ಅದು ಬಲಭುಜದ ಮೇಲಿತ್ತು.

ಆ ಗಳಿಗೆಗೆ ನನಗೆ ಎಲ್ಲ ಗೊತ್ತಾಯಿತು. ಬಕೆಟ್ಟಿಗೆ ಎಸೆದ ಸಣ್ಣ ಕಾಗದ, ತುಟಿಗೆ ಅಂಟಿದ ಅಂಚು, ಅಜ್ಜಿ, ಎಲ್ಲ ಒಟ್ಟಿಗೆ ನೆನಪಾದವು. ಇನ್ನು ಮುಂದೆ ಬರೆಯುವುದರಲ್ಲಿ ಗೊತ್ತಿಲ್ಲದೆ ಆದದ್ದು ಯಾವುದೂ ಇಲ್ಲ.

ಮಗಳ ಗಂಡ ನಕ್ಕ. “ದೊಡ್ಡವ್ವಗ ಅರಳು ಮರಳು ಸುರು ಆತು ನೋಡ್ರಿ ಸರ. ಫೋಟೋಕ್ಕ ತಪ್ಪ ಅಂತಾಳ.” ಮಗಳು ನಗಲಿಲ್ಲ. ನನ್ನ ಕಡೆ ತಿರುಗಿ, “ಸರ, ನೀವ ಹೇಳ್ರಿ, ಹಂಗ ಆಗಬಹುದೇನ್ರಿ?” ಎಂದು ಕೇಳಿದಳು. ತಪ್ಪು ಒಪ್ಪಿಕೊಳ್ಳಲು ಬಾಗಿಲು ತೆರೆದೇ ಇತ್ತು. ಆಗಬಹುದು, ನನ್ನಿಂದ ತಪ್ಪಾಗಿದೆ, ವಾಪಸ್ ಕೊಡಿ, ಮುಂದಿನ ರವಿವಾರ ಸರಿಯಾದದ್ದು ತರುತ್ತೇನೆ ಎಂದರೆ ಮುಗಿಯುತ್ತಿತ್ತು. ಅವರು ನನಗೆ ಚಹಾ ಕುಡಿಸಿಯೇ ಕಳಿಸುತ್ತಿದ್ದರು.

ನಾನು ತರಗತಿಯ ಧ್ವನಿಯಲ್ಲಿ ಹೇಳಿದೆ: “ನೋಡ್ರಿ ಆಯಿ, ಎದುರಿಗೆ ನಿಂತವರ ಎಡ ನಮಗ ಬಲಕ್ಕ ಕಾಣತೈತಿ. ಎಲ್ಲಾರಿಗೂ ಗೊಂದಲ ಆಗೂದ ಇಲ್ಲೆ. ಇದು ಮೊಬೈಲ್ ಅಲ್ಲ, ಕೈಲೆ ತಗದ ಪ್ರಿಂಟು. ಇದ್ದದ್ದ ಇದ್ದಂಗ ಬರತೈತಿ. ನಿಮಗ ವಯಸ್ಸಾಗೇತಿ, ಅಷ್ಟ.”

“ನಾ ದಿನಾ ಕುರಿ ಎದುರಿಗೆ ನಿಂತ ನೋಡಾಕಿ ಮಾಸ್ತರ. ಎದುರಿನವರ ಎಡ ಬಲ ನನಗ ತಿಳೀತೈತಿ,” ಎಂದಳು ಮುದುಕಿ. ಆದರೆ ಧ್ವನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ. ಮಾಸ್ತರ ಹೇಳಿದ್ದು, ಫೋಟೋ ಹೇಳಿದ್ದು, ಅಳಿಯ ನಕ್ಕದ್ದು; ಒಬ್ಬಳ ನೆನಪು ಎಷ್ಟಕ್ಕೆ ಎದುರು ನಿಲ್ಲಬೇಕು? ಮತ್ತೊಮ್ಮೆ ಫೋಟೋ ನೋಡಿ, “ಹೌದೇನೋ ಮಾಸ್ತರ,” ಎಂದು ಒಳಗೆ ಹೋದಳು.

ಬರುವಾಗ ಕೈಯಲ್ಲಿ ಒಂದು ಕರಿಕಂಬಳಿ ಇತ್ತು, ಹೊಸದು. ಅವಳದೇ ಕುರಿಗಳ ಉಣ್ಣೆ. ನನ್ನ ಕೈಯಲ್ಲಿಟ್ಟಳು. “ನಿಮ್ಮ ಕಿಡಕ್ಯಾಗ ಬೆಳಕ ಬರತೈತಂತಲ್ಲ, ಮಗಳ ಹೇಳಿದ್ಲು. ಇದನ್ನ ಹಾಕ್ರಿ. ಸೂರ್ಯಾನೂ ಹಾಯಂಗಿಲ್ಲ ಇದರಾಗ,” ಎಂದಳು.

ನಾನು ಕಂಬಳಿ ತಗೊಂಡೆ. ಅವತ್ತಿನಿಂದ ನನ್ನ ಡಾರ್ಕ್‌ರೂಮಿನಲ್ಲಿ ಎಳ್ಳಷ್ಟೂ ಬೆಳಕು ಸೋರುವುದಿಲ್ಲ.

ಸರಿ ಮಾಡಲು ಅವಕಾಶ ಇರಲಿಲ್ಲವೇ? ಪ್ರತಿ ರವಿವಾರವೂ ಇತ್ತು. ಪರೀಕ್ಷೆಯ ಪೇಪರು, ಮೈದುನನ ಮದುವೆ, ಕಾಗದ ಮುಗಿದಿದೆ, ಗಾಡಿಯ ಟೈರು ಸವೆದಿದೆ. ನೆಪಗಳನ್ನು ಹುಡುಕುವುದರಲ್ಲಿ ನಾನು ಯಾವತ್ತೂ ಸೋಮಾರಿಯಲ್ಲ. ಅವರು ಖುಷಿಯಾಗಿದ್ದಾರೆ, ಒಂದು ಕಲೆ ಆ ಕಡೆ ಇದ್ದರೇನು ಈ ಕಡೆ ಇದ್ದರೇನು ಎಂದೂ ಸಮಾಧಾನ ಹೇಳಿಕೊಂಡೆ. ಒಳಗೆ ಮಾತ್ರ ಒಂದು ಮುಳ್ಳು ಮುರಿದು ಕೂತಿತ್ತು.

ಅಷ್ಟರಲ್ಲಿ ಚಿಕ್ಕೋಡಿಯ ಗೆಳೆಯರು ಸೇರಿ ಕಾಲೇಜಿನ ಹಾಲಿನಲ್ಲಿ ನನ್ನ ಪ್ರಿಂಟುಗಳ ಪ್ರದರ್ಶನ ಇಟ್ಟರು. ಅವುಗಳಲ್ಲಿ ಎಲ್ಲಕ್ಕಿಂತ ಚೆಂದದ್ದು ಅದೇ ಮುಖ, ಹಾಗಾಗಿ ಅದರ ಇನ್ನೊಂದು ಪ್ರಿಂಟು ತೆಗೆದು ಬಾಗಿಲ ಎದುರಿಗೇ ಹಾಕಿದೆ. ಅದೇ ತಿರುವಿ ಹಾಕಿದ ಫಿಲ್ಮಿನಿಂದ, ಗೊತ್ತಿದ್ದೂ. ಸರಿಯಾದದ್ದನ್ನು ಹಾಕಿದರೆ ಆ ಮನೆಯವರು ಬಂದು ನೋಡಿದಾಗ ಸಿಕ್ಕಿಬೀಳುತ್ತೇನೆ ಎಂಬ ಭಯ. ಶಾಲು ಹೊದಿಸಿದರು. ಮೈಕು ಕೊಟ್ಟರು. ಕೈಯಿಂದ ಮಾಡಿದ ಪ್ರಿಂಟು ಸುಳ್ಳು ಹೇಳುವುದಿಲ್ಲ ಎಂದು ನಾನು ಮೈಕಿನಲ್ಲಿ ಹೇಳಿದೆ. ಚಪ್ಪಾಳೆ ಬಿತ್ತು. ಗಣಿತದ ಮಾಸ್ತರರೂ ಹೊಡೆದರು.

ಮಗಳು ದೊಡ್ಡವ್ವನನ್ನು ಕರೆದುಕೊಂಡು ಬಂದಿದ್ದಳು. ನಾನು ಮಾತು ಮುಗಿಸಿ ಕೆಳಗಿಳಿದಾಗ ಮುದುಕಿ ಆ ಫೋಟೋದ ಪಕ್ಕ ನಿಂತಿದ್ದಳು. ಪೇಟೆಯ ನಾಲ್ಕು ಹೆಂಗಸರು, ಇದು ನಿಮ್ಮ ತಂಗಿಯಂತೆ ಹೌದಾ ಎಂದು ಕೇಳುತ್ತಿದ್ದರು. ಅವಳು ಹೆಮ್ಮೆಯಿಂದ, ಸ್ವಲ್ಪ ನಾಚಿಕೆಯಿಂದ ಹೇಳುತ್ತಿದ್ದಳು:

“ಹೌದ್ರೆವ್ವಾ, ನಮ್ಮ ತಂಗಿ. ಈ ಕಲಿ ಐತಲ್ಲ, ನನ್ನ ಕಲ್ಲ ಬಡದು ಆದದ್ದು. ಬಲಹುಬ್ಬಿಗೆ ಬಡದಿತ್ತು. ನಾ ಎಡಹುಬ್ಬಂತ ತಿಳಕೊಂಡ ಕುಂತಿದ್ನಿ ಇಷ್ಟ ವರ್ಷ. ವಯಸ್ಸಾತಲ್ಲ, ತಲಿ ನಿಂದ್ರಂಗಿಲ್ಲ.”

ನನ್ನ ಹೆಗಲ ಮೇಲೆ ಇನ್ನೂ ಶಾಲು ಇತ್ತು. ತೆಗೆದು ಕಂಕುಳಲ್ಲಿ ಇಟ್ಟುಕೊಂಡೆ.

ಮಗಳು ನನ್ನನ್ನು ಪಕ್ಕಕ್ಕೆ ಕರೆದು ಇನ್ನೊಂದು ಮಾತು ಹೇಳಿದಳು. “ದೊಡ್ಡವ್ವಂದು ಈಗೀಗ ಸರಿ ಇಲ್ರಿ ಸರ. ಸಂಜೀಕ ಕುರಿ ಬಂದಾಗ ಹಾಲ ಕುಡ್ಯಾಕ ಮರಿ ಬಿಡತೀವಲ್ರಿ, ಯಾವ ಮರಿ ಯಾವ ತಾಯೀದಂತ ಮಾರಿ ನೋಡಿ ಆಕೀನ ಹಚ್ಚಾಕಿ. ಇಡೀ ಊರಾಗ ಆಕೀ ಹಂಗ ಹಚ್ಚಾವ್ರು ಇರಲಿಲ್ರಿ. ಈಗ ಒಂದೊಂದ ಮರಿಗೂ, ಇದು ಹೌದಲ್ಲ, ಹೌದಲ್ಲ ಅಂತ ನನ್ನ ಕೇಳತಾಳ. ನಮ್ಮ ಮನಿಯವ್ರು ಅಂತಾರ, ಇನ್ನ ಆಕೀ ಕಡಿ ಬಿಡೂದ ಬ್ಯಾಡ, ಮರಿ ಅದಲ ಬದಲ ಆಗತಾವ ಅಂತ.”

ಡಾಕ್ಟರರಿಗೆ ತೋರಿಸಬೇಕೇನ್ರಿ ಎಂದು ಕೇಳಿದಳು. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ, ಮೊದಲ ಬಾರಿಗೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಹೈಸ್ಕೂಲ್ ಹುಡುಗ್ರು ತಪ್ಪ ಮಾಡಿ ಸುಳ್ಳ ಹೇಳಿದ್ರ ನೀವು ಕಿವಿ ಹಿಂಡತೀರಲ್ರಿ,” ಎಂದಳು. ಮತ್ತೆ ರೊಟ್ಟಿ ಬಡಿಯತೊಡಗಿದಳು.

ಆ ರವಿವಾರ ಕಿಟಕಿಗೆ ಮುದುಕಿಯ ಕಂಬಳಿ ಹಾಕಿ, ಫಿಲ್ಮಿನ ಅಂಚನ್ನು ತುಟಿಗೆ ತಾಗಿಸಿ, ಅಂಟಿದ ಮೈಯನ್ನು ಕೆಳಗೆ ಮಾಡಿಟ್ಟೆ. ಮುಖ ಮೂಡಿತು. ಎಡಬಲ ಅಷ್ಟೇ ಬದಲು ಎಂದುಕೊಂಡಿದ್ದೆ, ಹಾಗಿರಲಿಲ್ಲ. ಮೊದಲಿನ ಪ್ರಿಂಟಿನಲ್ಲಿ ಅವಳು ಸ್ವಲ್ಪ ಬಿಗುಮಾನದವಳ ಹಾಗೆ ಕಾಣುತ್ತಿದ್ದಳು. ಇದರಲ್ಲಿ ತುಟಿಯ ಒಂದು ತುದಿ ನಗು ತಡೆದುಕೊಂಡಂತಿತ್ತು. ಏನೋ ಬೇರೆಯೇ ಕಾಣುತ್ತಾಳೆ ಎಂದು ಮುದುಕಿ ಅಂದಿದ್ದಳಲ್ಲ, ಅವಳಿಗೆ ಕಲೆಯೊಂದೇ ಅಲ್ಲ, ತಂಗಿಯ ನಗುವೂ ಕಾಣೆಯಾಗಿತ್ತು. ಟ್ರೇಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅತ್ತೆ.

ಪ್ರಿಂಟು ಒಣಗಿದ ಮರುದಿನ ಶಾಲೆಗೆ ರಜೆ ಹಾಕಿ ಹೋದೆ. ಮೂವರೂ ಮನೆಯಲ್ಲಿದ್ದರು. ಕುಂಡರ್ರಿ ಎಂದರು, ಕೂರಲಿಲ್ಲ. ಕೂತರೆ ಮತ್ತೆ ಹೇಳಲಾಗುವುದಿಲ್ಲ ಎನಿಸಿತು. ನಿಂತುಕೊಂಡೇ ಹೇಳಿದೆ. ಫಿಲ್ಮು ತಿರುವಿ ಹಾಕಿದವನು ನಾನು. ಆಯಿ ಹೇಳಿದ್ದೇ ಸರಿ. ಅವರು ಹೇಳಿದ ಆ ಗಳಿಗೆಗೇ ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ಅವರನ್ನು ಸುಳ್ಳು ಮಾಡಿದೆ. ನಾಲ್ಕೇ ಮಾತು, ಒಂದು ನಿಮಿಷವೂ ಹಿಡಿಯಲಿಲ್ಲ.

ಮಗಳ ಗಂಡ ತಲೆ ಕೆಳಗೆ ಹಾಕಿ, ಕುರಿ ಹೊಡೆದುಕೊಂಡು ಬರುತ್ತೇನೆಂದು ಹೊರಗೆ ಹೋದ. ಮಗಳು ಹಳೆಯ ಫೋಟೋ ನೋಡಿದಳು, ಹೊಸದನ್ನು ನೋಡಿದಳು.

“ಹಂಗಾರ ಇಷ್ಟ ದಿನಾ ನಾ ಮುಂಜಾನೆದ್ದು ಕೈ ಮುಗದದ್ದು ಯಾರಿಗ್ರಿ?” ಎಂದಳು. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

ದೊಡ್ಡವ್ವ ಹೊಸ ಪ್ರಿಂಟನ್ನು ಬಾಗಿಲ ಬೆಳಕಿಗೆ ಒಯ್ದಳು. ಎಡಹುಬ್ಬಿನ ಮೇಲೆ ಬೆರಳಾಡಿಸಿದಳು. “ಇಲ್ಲೆ. ಇಲ್ಲೇ ಬಡದಿತ್ತು,” ಎಂದಳು. ತುಟಿಯ ತುದಿ ಮುಟ್ಟಿ, “ಹಿಂಗ ನಗತಿದ್ಲು,” ಎಂದಳು. ಕಣ್ಣಿಂದ ನೀರು ಇಳಿಯಿತು, ಬಲಭುಜದ ಸೆರಗಿನಿಂದ ಒರೆಸಿಕೊಂಡಳು. ನಾನು ಕಾಲಿಗೆ ಬೀಳಲು ಬಗ್ಗಿದೆ. ಹೆಗಲು ಹಿಡಿದು ತಡೆದಳು.

“ನೀ ಅವತ್ತ ಹೇಳಬೇಕಾಗಿತ್ತಪಾ,” ಎಂದಳು. ಅಷ್ಟೇ. ಮಾಸ್ತರ ಎನ್ನುತ್ತಿದ್ದವಳು ಅಪಾ ಎಂದಳು. ಮಗಳಿಗೆ ಚಹಾ ಇಡಲು ಹೇಳಿದಳು.

ಚಹಾ ಕುಡಿಯುವಷ್ಟರಲ್ಲಿ ಕುರಿಗಳು ಬಂದವು. ಹೊತ್ತು ಇಳಿಯುತ್ತಿತ್ತು. ದೊಡ್ಡಿಯ ಈಚೆ ತಾಯಿಕುರಿಗಳು ಒದರುತ್ತಿದ್ದವು, ಆಚೆ ಕೂಡಿಹಾಕಿದ ಮರಿಗಳು. ಮಗಳು ದೊಡ್ಡವ್ವನ ಕೈ ಹಿಡಿದು, “ನೀನ ಬಿಡು ಬಾ. ಇನ್ನ ನಾವ್ಯಾರೂ ನಡಕ ಬರಂಗಿಲ್ಲ,” ಎಂದಳು. ನನಗೆ ಒಂದು ಭಾರ ಇಳಿದಂತಾಯಿತು. ಎಲ್ಲ ಸರಿಹೋಯಿತು ಎಂದುಕೊಂಡೆ. ಎಷ್ಟು ಬೇಗ ನನ್ನನ್ನು ನಾನೇ ಕ್ಷಮಿಸಿಕೊಳ್ಳುತ್ತೇನೆ ನೋಡಿ.

ಮುದುಕಿ ಒಳಗೆ ಕೈ ಹಾಕಿ ಒಂದು ಮರಿ ಎತ್ತಿಕೊಂಡಳು. ಹಣೆಯ ಮೇಲೆ ಬಿಳಿ ಚುಕ್ಕೆ ಇದ್ದ ಕರಿಮರಿ. ಅದರ ಮುಖ ನೋಡಿದಳು. ತಾಯಿಕುರಿಗಳ ಕಡೆ ನೋಡಿದಳು. ಸಾಲಿನಲ್ಲಿದ್ದ ಒಂದು ಕುರಿಯ ಕಡೆ ಎರಡು ಹೆಜ್ಜೆ ನಡೆದಳು. ಅದೂ ಇವಳ ಕಡೆಗೇ ಬಂತು. ಅಲ್ಲಿ ನಿಂತುಬಿಟ್ಟಳು. ಮರಿಯನ್ನು ಎದೆಗೆ ಅವಚಿಕೊಂಡು ಹಿಂದೆ ತಿರುಗಿ ನೋಡಿದಳು, ಮಗಳನ್ನಲ್ಲ, ನನ್ನನ್ನು.

“ನಿನ್ನ ಕಣ್ಣ ಚಲೋ ಅದಾವ. ನೋಡಿ ಹೇಳಪಾ, ಇದು ಈಕೀದ ಹೌದಲ್ಲ?”